ಗಂಪದಡಿ ಕೆಂಪಾದ ಗಿಡ

ಆದವಾನಿಗೆ ಬಂದ ಮರುವರ್ಷ, ದಸರೆ ಹತ್ತಿರವಿದ್ದಾಗ, ಒಂದು ಗಿಡದ ದೆಸೆಯಿಂದ ಮನೆ ಬಿಡುವ ಪ್ರಸಂಗ ಬಂತು. ಅಂಗಳದ ಕುಂಡ ಸರಿಸುವಾಗ ಟೊಂಗೆ ಮುರಿದು ಬಿಳಿ ಹಾಲು ಸುರಿಯಿತು. ಮನೆಯೊಡತಿ ನಾಗಮ್ಮ ಹೌಹಾರಿದರು.

"ಹಾಲು ಸುರಿಯೋ ಗಿಡ ಮನ್ಯಾಗ ಇಟ್ಟೀಯೇನವ್ವ? ಗಿಡಾನಾದ್ರೂ ತೆಗಿ, ಇಲ್ಲ ಮನೀನಾದ್ರೂ ಬಿಡು."

ಅದು ಮೈಸೂರಿನ ನನ್ನ ತವರಿನ ಪಕ್ಕದ ಮನೆಯ ಮೇರಿ ಟೀಚರ್ ಕೊಟ್ಟ ಕ್ರಿಸ್ಮಸ್ ಗಿಡದ ಟೊಂಗೆ ನೆಟ್ಟು ಬೆಳೆಸಿದ್ದು. ಅಲ್ಲಿ ಡಿಸೆಂಬರ್ ಬಂತೆಂದರೆ ಅದರ ತುದಿಯೆಲೆಗಳೆಲ್ಲ ಕೆಂಪಾಗಿ, ಅವರ ಹಬ್ಬಕ್ಕೆ ನಮ್ಮ ಹಿತ್ತಲೂ ಸಿಂಗಾರವಾಗುತ್ತಿತ್ತು. ಇಲ್ಲಿ ಮೊದಲ ಚಳಿಗಾಲ ಒಂದೆಲೆಯೂ ಬಣ್ಣ ತಿರುಗಲಿಲ್ಲ.

ಆಂಧ್ರ ರಾಜ್ಯವಾದ ಹೊಸತು ಅದು. ಹತ್ತಿ ಗಿರಣಿಯ ಗುಮಾಸ್ತಿಕೆ ನಮ್ಮ ಯಜಮಾನರಿಗೆ ಹಿಡಿಸಿತ್ತು, ನನಗೆ ಊರು ಹಿಡಿಸಿರಲಿಲ್ಲ. ಅಂಗಡಿಯವನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ. ನಾನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. "ಈ ಚಳಿಗಾಲಕ್ಕೂ ನಿನ್ನ ಮನಸ್ಸು ನಿಲ್ಲದಿದ್ದರೆ ಮೈಸೂರಿಗೇ ಹೋಗೋಣ" ಎಂದಿದ್ದರು ಯಜಮಾನರು. ಗಿಡ ಕೆಂಪಾದರೆ ಇರುವುದು, ಇಲ್ಲದಿದ್ದರೆ ಹೊರಡುವುದು ಎಂದು ನಾನು ತೀರ್ಮಾನಿಸಿದ್ದೆ. ಹುಚ್ಚೇ ಸರಿ.

ಅದನ್ನೇ ನಾಗಮ್ಮನಿಗೂ ಹೇಳಿ, ಇದೊಂದು ಚಳಿಗಾಲ ಬಿಡಿ ಎಂದು ಬೇಡಿಕೊಂಡೆ. ಅವರು ಕುಂಡದ ಸುತ್ತ ಒಮ್ಮೆ ಸುತ್ತಿದರು. "ಹಂಗಾರ ದೀಪ ಹಚ್ಚೋ ಹೊತ್ತಿಗೆ ಮುಚ್ಚಿಡ್ತೀನಿ. ಲಕ್ಷ್ಮಿ ಬರೋ ಯಾಳ್ಯಾದಾಗ ಇದು ಆಕಿ ಕಣ್ಣಿಗೆ ಬೀಳಬಾರ್ದು ನೋಡು."

ಅಂದಿನಿಂದ ಸಂಜೆಯಾದರೆ ಗಿಡದ ಮೇಲೆ ದೊಡ್ಡ ಗಂಪ ಬೋರಲು. ಗಂಪ ಎಂದರೆ ಇಲ್ಲಿಯವರ ಬುಟ್ಟಿ. ಅದರ ಮೇಲೊಂದು ಗೋಣಿತಟ್ಟು. ಬೆಳಿಗ್ಗೆ ಅವರ ಪೂಜೆ ಮುಗಿಯುವವರೆಗೆ ತೆಗೆಯುವಂತಿಲ್ಲ. ಗಿಡಕ್ಕೆ ಉಸಿರು ಕಟ್ಟಿಸುತ್ತಿದ್ದಾರೆಂದು ನನಗೆ ಮೈಯೆಲ್ಲ ಉರಿ. ಗಂಪ ಎತ್ತುವ ಹೊತ್ತಿಗೆ ಕಾವಲಿಗೆಂದು ಹೋಗಿ ನಿಲ್ಲುತ್ತಿದ್ದೆ. ಹಾಗೆ ನಿಂತವಳು ಅವರ ಹಿಂದೆಯೇ ಅಡುಗೆಮನೆಗೂ ಹೋಗಿ ಉಗ್ಗಾಣಿ ಮಾಡುವುದನ್ನು ಕಲಿತೆ. ನಮ್ಮ ಕಡೆ ಕಡಲೆಪುರಿಯನ್ನು ಗರಿಗರಿಯಾಗಿ ತಿನ್ನುತ್ತೇವೆ. ಇಲ್ಲಿ ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕುತ್ತಾರೆ. ಮೊದಲು ನಕ್ಕಿದ್ದೆ, ಆಮೇಲೆ ಎರಡನೇ ತಟ್ಟೆ ಕೇಳಿದೆ.

ಡಿಸೆಂಬರಿನಲ್ಲಿ ಗಿಡ ಕೆಂಪಾಯಿತು, ಮೈಸೂರಿನಲ್ಲಿ ಆಗುತ್ತಿದ್ದಷ್ಟೇ ಕೆಂಪು.

ಹೇಗೆ? ಎಷ್ಟೋ ದಿನ ಅದೇ ಯೋಚನೆ. ನಮ್ಮ ಹಿತ್ತಲಿನಲ್ಲಿ ದೀಪವೇ ಇರಲಿಲ್ಲ. ಇಲ್ಲಿಯ ಅಂಗಳದಲ್ಲಿ ಹೊಸ ಕರೆಂಟ್ ಬಲ್ಬು ಎಲ್ಲರೂ ಮಲಗುವ ತನಕ ಉರಿಯುತ್ತಿತ್ತು. ಗಿಡಕ್ಕೆ ಬೇಕಾಗಿದ್ದದ್ದು ಉದ್ದನೆಯ ಕತ್ತಲು. ಲಕ್ಷ್ಮಿಗೆ ಕಾಣದಿರಲೆಂದು ಮುಚ್ಚಿದ್ದೇ ಅದನ್ನು ಕೆಂಪಾಗಿಸಿತ್ತು. ನಾಗಮ್ಮನಿಗೆ ಇದನ್ನು ವಿವರಿಸಿದರೆ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

"ಅದೆಲ್ಲ ಇರ್ಲಿ. ಕೆಂಪಾದ್ರ ಇರ್ತೀನಿ ಅಂದಿದ್ದಿಯಲ್ಲ. ಇರ್ತೀಯೋ ಇಲ್ಲೋ?"

"ಇರ್ತೀನಿ" ಎಂದೆ. ಗೆದ್ದ ಖುಷಿಗೋ, ಊರು ತಪ್ಪಿತೆಂಬ ಸಂಕಟಕ್ಕೋ, ಅಳು ಬಂತು.

ಮರುವರ್ಷ ಕ್ರಿಸ್ಮಸ್ ಹೊತ್ತಿಗೆ ತವರಿಗೆ ಹೋದೆ. ಹಿತ್ತಲಿನ ತಾಯಿಗಿಡ ಕೆಂಪಗೆ ನಿಂತಿತ್ತು. ಸಂಜೆ ಅಮ್ಮ ದೇವರ ದೀಪ ಹಚ್ಚಿದ್ದೇ ತಡ, ನಾನು ಎದ್ದು ಅಡುಗೆಮನೆಯ ಮೂಲೆಯಲ್ಲಿ ತಡಕಾಡತೊಡಗಿದೆ.

"ಏನು ಹುಡುಕ್ತಿದ್ದೀಯೆ?" ಎಂದಳು ಅಮ್ಮ.

"ಗಂಪ" ಎಂದೆ.

ಅಮ್ಮನಿಗೆ ಅರ್ಥವಾಗಲಿಲ್ಲ.