ಲೈಸನ್ಸ್ ಹೋದ ದಿನ ಬೀರಣ್ಣ ನಕ್ಕಿದ್ದು

ನನ್ನಜ್ಜ ಬೀರಣ್ಣನಿಗೆ ಯಾರಿಗೂ "ಬ್ಯಾಡ" ಎನ್ನಲು ಬರುತ್ತಿರಲಿಲ್ಲ. ಎಂಥ ಮೆತ್ತನೆಯ ಮನುಷ್ಯ ಎಂದು ಊರವರು ಇದನ್ನೇ ಹೊಗಳುತ್ತಿದ್ದರು. ಹೊಗಳುವವರು ನನ್ನಜ್ಜಿ ಮರೆಮ್ಮನ ಜಾಗದಲ್ಲಿ ಒಂದು ವಾರ ಬಾಳಿ ನೋಡಬೇಕಿತ್ತು.

ನಾಗಲಗಿದ್ದದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ಆ ಮನೆತನದಲ್ಲಿ ಮೋಟಾರಿನ ಚಕ್ರ ಹಿಡಿದ ಮೊದಲನೆಯವನು ಬೀರಣ್ಣ. ನಿಜಾಮರ ಆಳ್ವಿಕೆ, ಹೊರಗೆಲ್ಲೋ ದೊಡ್ಡ ಯುದ್ಧ. ಪೆಟ್ರೋಲು ಸಿಗದೆ ಲಾರಿಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದ ಕಾಲ. ಆತ್ಮಾರಾಮ ಸಾವಕಾರನ ಅಂಥದೊಂದು ಲಾರಿಯಲ್ಲಿ ಅಜ್ಜ ನಾರಾಯಣಖೇಡದ ತೊಗರಿ ಹೇರಿಕೊಂಡು ಜಹೀರಾಬಾದ್ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದ. ಚೀಲಗಳ ಮೇಲೆ ಜನ. ಅವರಲ್ಲಿ ಮದುವೆಗೆ ಹೊರಟವರು, ಕೋರ್ಟಿಗೆ ಹೊರಟವರು, ಸುಮ್ಮನೆ ಮೋಟಾರು ಹತ್ತಿದವರು ಎನ್ನಿಸಿಕೊಳ್ಳಲು ಹೊರಟವರೂ ಇರುತ್ತಿದ್ದರು.

ಡ್ರೈವರನಿಗೆ ಸೇಂದಿ ಕುಡಿಸುವುದು ಆಗ ಮರ್ಯಾದೆ. ಈಚಲು ಮರ ಕಂಡಲ್ಲೆಲ್ಲ ಯಾರಾದರೂ ಲಾರಿ ನಿಲ್ಲಿಸಿ ಒಂದು ತಂಬಿಗೆ ಮುಂದೆ ಹಿಡಿಯುತ್ತಿದ್ದರು. ಮದುವೆಯವರಂತೂ ಡ್ರೈವರ್ ಕುಡಿಯದಿದ್ದರೆ ಅವಮಾನವಾಯಿತೆಂದು ಮುಖ ಉಬ್ಬಿಸುತ್ತಿದ್ದರು. ಬೀರಣ್ಣ ಮೊದಮೊದಲು ತುಟಿಗೆ ತಾಗಿಸಿ ಕೊಡುತ್ತಿದ್ದ. ಆಮೇಲೆ ಅರ್ಧ. ಆಮೇಲೆ ತಂಬಿಗೆ ಖಾಲಿಯಾಗುತ್ತಿತ್ತು. ಕುಡಿಸಿದವರೇ ಚೀಲದ ಮೇಲೆ ಕೂತು ಜೀವ ಅಂಗೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು! ಈ ಜಾಣತನಕ್ಕೆ ನನಗಿನ್ನೂ ಸಿಟ್ಟು ಬರುತ್ತದೆ.

ಮನೆಯಲ್ಲಿ ಮರೆಮ್ಮನಿಗೆ ಎಲ್ಲವೂ ಹಾರ್ನಿನಲ್ಲೇ ಗೊತ್ತಾಗುತ್ತಿತ್ತು. ರಸ್ತೆಯ ತಿರುವಿನಲ್ಲಿ ಎರಡು ಸಲ ಚಿಕ್ಕದಾಗಿ ಕೂಗಿತೆಂದರೆ ಗಂಡ ನೆಟ್ಟಗಿದ್ದಾನೆ. ಉದ್ದಕ್ಕೆ ಕೂಗುತ್ತಲೇ ಬಂತೆಂದರೆ ಕುಡಿದಿದ್ದಾನೆ. ಹಾರ್ನು ಕೇಳಿದೊಡನೆ ಅವಳ ಕೈ ಹಿಟ್ಟಿನಲ್ಲೇ ನಿಂತುಬಿಡುತ್ತಿತ್ತು.

"ಸೇಂದಿ ಬ್ಯಾಡ ಅನ್ರಿ. ಒಂದ್ ಮಾತು ಅನ್ನಾಕ ನಿಮಗೇನು ಕಷ್ಟ?" ಎಂದು ಅವಳು ಕೇಳಿದರೆ, "ಮಂದಿ ಪ್ರೀತಿಲೆ ಕೊಡ್ತಾರ, ಹ್ಯಾಂಗ ಅನ್ನಲಿ?" ಎಂದು ಇವನು ನೆಲ ನೋಡುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಅದೇ ತಿರುವಿನಲ್ಲಿ ಲಾರಿ ಕುರಿಹಿಂಡಿಗೆ ನುಗ್ಗಿತು. ಹಿಂಡು ಬೇರೆ ಯಾರದೂ ಅಲ್ಲ, ಬೀರಣ್ಣನ ಸೋದರಮಾವ ಕಿಷ್ಟಪ್ಪನದು. ಕುರಿಗಳು ಸತ್ತವು. ಕಿಷ್ಟಪ್ಪನ ಕಾಲು ಮುರಿಯಿತು. ಚೀಲದ ಮೇಲಿನ ಪ್ರೀತಿಯ ಜನ ಪೊಲೀಸರು ಬರುವುದರೊಳಗೆ ಹೊಲ ಹಿಡಿದು ಮಾಯವಾದರು. ಹೋಗುವ ಮುಂಚೆ ಯಾರೋ ಒಬ್ಬ ಸೇಂದಿಯ ವಾಸನೆ ಮುಚ್ಚಲೆಂದು ಬೀರಣ್ಣನ ಬಾಯಿಗೆ ಹಸಿ ಉಳ್ಳಾಗಡ್ಡಿ ತುರುಕಿ ಹೋದ. ಅದಕ್ಕೂ ಬೇಡ ಎನ್ನಲಾರದೆ ಅವನು ಅಗಿದು ನುಂಗಿದ.

ಪೊಲೀಸ್ ಅಮೀನ್ ಬಂದು, "ಬಾಯಿ ತೆರಿ, ಹಾ ಅನ್ನು" ಎಂದು ಮೂಗು ಹತ್ತಿರ ತಂದ. ಉಳ್ಳಾಗಡ್ಡಿಯ ಘಾಟಿಗೆ ಅವನ ಕಣ್ಣಲ್ಲೇ ನೀರು ಬಂತು. ಸೇಂದಿಯ ವಾಸನೆ ಇದೆಯೋ ಇಲ್ಲವೋ ಆಣೆ ಮಾಡಿ ಹೇಳುವಂತಿರಲಿಲ್ಲ. ಆದರೂ ಕುಡಿದು ಮೋಟಾರು ನಡೆಸಿದನೆಂದೇ ಮುಕದ್ದಮೆ ಹಾಕಿದ. ಸಾಬೀತಾದರೆ ಲೈಸನ್ಸ್ ರದ್ದು, ಮೇಲೆ ಜೈಲು. ಸಾಬೀತು ಮಾಡಲು ಉಳಿದಿದ್ದ ಸಾಕ್ಷಿ ಕಿಷ್ಟಪ್ಪ ಒಬ್ಬನೇ.

ಸಾವಕಾರ ಆತ್ಮಾರಾಮ ಹಣ್ಣು ಹಿಡಿದು ಕಿಷ್ಟಪ್ಪನ ಮನೆಗೆ ಬಂದ. ಹಿರಿಯರೂ ಬಂದರು. ಕುರಿ ತಾವಾಗಿಯೇ ರಸ್ತೆಗೆ ಜಿಗಿದವು, ಹುಡುಗ ಕುಡಿದಿರಲಿಲ್ಲ ಎಂದರೆ ಸಾಕು, ತಂಗಿಯ ಮಗ ಜೈಲು ಕಾಣುವುದು ತಪ್ಪುತ್ತದೆ ಎಂದರು.

"ಸುಳ್ಳು ಹ್ಯಾಂಗ ಹೇಳಲ್ರಿ? ಆಣಿ ಮಾಡಸ್ತಾರಲ್ಲ?" ಎಂದ ಕಿಷ್ಟಪ್ಪ.

ಸಾವಕಾರನ ಬಳಿ ಉತ್ತರ ಸಿದ್ಧವಿತ್ತು. "ಅಲ್ಲಿ ಆಣಿ ಉರ್ದುದಾಗ ಇರ್ತದ ಕಿಷ್ಟಪ್ಪ. ಅವರು ಹೇಳಿದಂಗ ನೀ ಹೇಳೂದು. ನಮ್ಮ ದೇವ್ರು ಬೀರಪ್ಪಗ ಉರ್ದು ಬರತದೇನು?"

ಹಿರಿಯರು ತಲೆದೂಗಿದರು. ತಿಳಿಯದ ಭಾಷೆಯಲ್ಲಿ ಮಾಡಿದ ಆಣೆ ಮೈಗೆ ಹತ್ತುವುದಿಲ್ಲ ಎಂಬ ಲೆಕ್ಕ ಎಲ್ಲರಿಗೂ ಹಿಡಿಸಿತು. ನಮ್ಮ ಹಿರಿಯರ ಬುದ್ಧಿವಂತಿಕೆಯೇ ಹಾಗೆ, ದೇವರಿಗಿಂತ ಒಂದು ಹೆಜ್ಜೆ ಮುಂದೆ.

ನಾರಾಯಣಖೇಡದ ಅದಾಲತಿನಲ್ಲಿ ಕಿಷ್ಟಪ್ಪ ಕೋಲೂರಿಕೊಂಡು ನಿಂತ. ಉರ್ದುವಿನಲ್ಲಿ ಹೇಳಿಸಿದ ಆಣೆಯನ್ನು ಒಪ್ಪಿಸಿದ. ಉರುಹೊಡೆದ ನಾಲ್ಕು ಉರ್ದು ಮಾತನ್ನೂ ಹಾಗೆಯೇ ಒಪ್ಪಿಸಿದ. ಸಾವಕಾರನ ವಕೀಲ ಮೀಸೆ ನೇವರಿಸಿಕೊಂಡ. ಹಿಂದಿನ ಸಾಲಿನಲ್ಲಿದ್ದ ಮರೆಮ್ಮನಿಗೆ ಮಾತ್ರ ಇಬ್ಬಂದಿ. ಗಂಡ ಜೈಲಿಗೆ ಹೋಗಬಾರದು. ಆದರೆ ಬಿಟ್ಟುಬಿಟ್ಟರೆ ನಾಳೆಯೇ ಮತ್ತೆ ಲಾರಿ, ಮತ್ತೆ ತಂಬಿಗೆ. ಯಾವುದನ್ನು ಬೇಡಿಕೊಳ್ಳಲಿ ಎಂದು ಅವಳಿಗೆ ತಿಳಿಯಲಿಲ್ಲ.

ಮುನ್ಸಿಫ್ ಸಾಹೇಬರು ಬೀದರ ಕಡೆ ಬಹಳ ವರ್ಷ ಕೆಲಸ ಮಾಡಿದ ವಯಸ್ಸಾದ ಮನುಷ್ಯ. ಕಿಷ್ಟಪ್ಪನನ್ನು ಸ್ವಲ್ಪ ಹೊತ್ತು ನೋಡಿ ಅಚ್ಚ ನಮ್ಮ ಮಾತಿನಲ್ಲೇ ಕೇಳಿದರು: "ಅದೆಲ್ಲಾ ಆತು. ಈಗ ನಿನ್ನ ಮಾತಿನಾಗ ಹೇಳಪ್ಪ, ಅವತ್ತು ಏನಾತು?"

ಕಿಷ್ಟಪ್ಪ ಬಾಯಿ ತೆರೆದ. ಮಾತಿಗೆ ಮುಂಚೆ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಬೀರಪ್ಪನ ಭಂಡಾರದ ಚೀಲ. ಹೆಣ್ಣು ಕೊಡುವಾಗ, ಕುರಿ ಮಾರುವಾಗ, ಜಗಳ ಬಗೆಹರಿಸುವಾಗ, ಗಟ್ಟಿ ಮಾತಾಡುವ ಮುಂಚೆ ಆ ದೇವರ ಅರಿಶಿನ ಮುಟ್ಟುವುದು ನಮ್ಮವರ ರೂಢಿ. ಮುಟ್ಟಿ ಸುಳ್ಳಾಡಿದರೆ ಹಿಂಡು ಉಳಿಯುವುದಿಲ್ಲ, ವಂಶ ಉಳಿಯುವುದಿಲ್ಲ ಎಂಬ ಭಯ. ಸಾವಕಾರನ ಲೆಕ್ಕದಲ್ಲಿ ಈ ಕೈ ಇರಲಿಲ್ಲ. ಚೀಲದ ದಾರ ಸಡಿಲಿಸಿದ ಬೆರಳು ಅಲ್ಲೇ ನಿಂತಿತು. ಹಿಂದೆ ತೆಗೆದರೆ ಸುಳ್ಳು ಬಯಲಾಗುತ್ತದೆ, ಮುಂದೆ ಹೋದರೆ ಭಂಡಾರ. ಕಿಷ್ಟಪ್ಪ ಕಣ್ಣು ಮುಚ್ಚಿಕೊಂಡ.

"ಮಾವ, ಬ್ಯಾಡ!"

ಕೂಗಿದವನು ಕಟಕಟೆಯಲ್ಲಿದ್ದ ಬೀರಣ್ಣ. ಅವನ ಬಾಯಲ್ಲಿ ಆ ಮಾತನ್ನು ಮರೆಮ್ಮ ಕೇಳಿದ್ದು ಅದೇ ಮೊದಲು.

"ಭಂಡಾರ ಮುಟ್ಟಬ್ಯಾಡ ಮಾವ. ಸಾಬ್ರೇ, ನಾ ಕುಡ್ದಿದ್ದೆ. ಮದುವಿ ಮಂದಿ ಕೊಟ್ರು, ಕುಡ್ದೆ. ಕುರಿ ಕಂಡವು, ಕಾಲು ಬ್ರೇಕಿನ ಮ್ಯಾಲ ಬರಲಿಲ್ಲ. ಅವಂದೇನೂ ತಪ್ಪಿಲ್ರಿ."

ಆತ್ಮಾರಾಮ ಎದ್ದು ಹೊರಗೆ ಹೋದ. ಮುನ್ಸಿಫರು ಕಿಷ್ಟಪ್ಪನ ಕಡೆ ತಿರುಗಿ ಕಟುವಾಗಿ ನೋಡಿದರು. ಸುಳ್ಳು ಸಾಕ್ಷಿಗೆ ಅವನಿಗೂ ಜೈಲಾಗಬಹುದಿತ್ತು. ಕೊನೆಗೆ ಗುಮಾಸ್ತನಿಗೆ, "ತಿಳೀಲಾರದೆ ಹೇಳ್ಯಾನ ಮುದುಕ. ಹೊಸದಾಗಿ ಬರಕೋ" ಎಂದರು. ಕಿಷ್ಟಪ್ಪ ಕೋಲು ಬಿಟ್ಟು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಬೀರಣ್ಣನಿಗೆ ಒಂದು ತಿಂಗಳ ಸಜೆ. ಲೈಸನ್ಸ್ ಪೂರ್ತಿ ರದ್ದು. ಜೇಬಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಆ ಪುಟ್ಟ ಪುಸ್ತಕವನ್ನು ಮೇಜಿನ ಮೇಲಿಟ್ಟವನೇ ಅವನು ನಕ್ಕುಬಿಟ್ಟ.

"ಯಾಕೋ ನಗ್ತಿ?" ಮುನ್ಸಿಫರ ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬ್ಯಾಡ್ರಿ ಸಾಬ್ರೇ. ಡ್ರೈವರ್ ಇರೂ ತನಕಾ ಮಂದಿ ಕುಡಸ್ತಾರ, ನನಗ ಬ್ಯಾಡ ಅನ್ನಾಕ ಬರಲ್ಲ. ಈಗ ನೀವು ಅಂದ್ರಿ. ಎದಿ ಮ್ಯಾಲಿನ ಕಲ್ಲು ಇಳೀತು."

ಹಿಂದಿನ ಸಾಲಿನಲ್ಲಿ ಮರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಪಕ್ಕದವರು ಪಾಪ ಅಳುತ್ತಿದ್ದಾಳೆ ಎಂದುಕೊಂಡರಂತೆ. "ಅಳು ಎಲ್ಲಿದು? ನಂಗ ನಗು ತಡಕೊಳ್ಳಾಕ ಆಗಲಿಲ್ಲ" ಎಂದು ಅಜ್ಜಿ ನಮಗೆ ಹೇಳುತ್ತಿದ್ದಳು. ಗಂಡ ಜೈಲಿಗೆ ಹೊರಟಾಗ ನೆಮ್ಮದಿಪಟ್ಟ ಹೆಂಗಸು ಎಂದು ಊರಲ್ಲಿ ಹೆಸರಾಯಿತು. ಅವಳು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಜೈಲಿನಿಂದ ಬಂದ ಬೀರಣ್ಣ ಸೀದಾ ಮಾವನ ಹಿಂಡಿಗೆ ಹೋದ. ಕಿಷ್ಟಪ್ಪನ ಕಾಲು ಕುಂಟಾಗಿಯೇ ಉಳಿಯಿತು. ಓಡಾಟವೆಲ್ಲ ಇವನದು, ಬೈಗುಳವೆಲ್ಲ ಅವನದು. ಇಬ್ಬರೂ ಸುಖವಾಗಿದ್ದರು.

ಸಾವಕಾರನ ಲಾರಿಗೆ ಹಣಮಯ್ಯ ಎಂಬ ಹೊಸ ಡ್ರೈವರ್ ಬಂದ. ಅವನು ಆ ತಿರುವಿಗೆ ಬಂದಾಗಲೆಲ್ಲ ರಸ್ತೆಯ ತುಂಬ ಕುರಿ, ನಡುವೆ ಕೋಲು ಹಿಡಿದು ಬೀರಣ್ಣ.

"ಹಾ ಅನ್ನಪ್ಪ ಡ್ರೈವರಾ."

ಹಣಮಯ್ಯ ಬೈದುಕೊಂಡೇ ಹಾ ಎನ್ನುತ್ತಿದ್ದ. ಮೂಗಿಗೆ ಸರಿ ಕಂಡರೆ ಮಾತ್ರ ಹಿಂಡು ಸರಿಯುತ್ತಿತ್ತು. ಒಂದು ದಿನ ಬೀರಣ್ಣ ಸರಿಯಲಿಲ್ಲ.

"ಹಸಿ ಉಳ್ಳಾಗಡ್ಡಿ ಯಾಕ ತಿಂದಿ?"

"ರೊಟ್ಟಿ ಜೋಡಿ ತಿಂದೆ. ನಿಂದೇನು ಹೋಗ್ತದ?"

"ಆ ಉಳ್ಳಾಗಡ್ಡಿ ನಾನೂ ತಿಂದೀನಪ್ಪ. ಅದರ ಕೂಡ ರೊಟ್ಟಿ ಇರೂದಿಲ್ಲ." ಬೀರಣ್ಣ ಲಾರಿಯ ಮುಂದೆಯೇ ಕೂತ. ಕುರಿಗಳೂ ಕೂತವು. ಹಾರ್ನು ಉದ್ದಕ್ಕೆ ಕೂಗಿತು, ಮತ್ತೆ ಕೂಗಿತು. ಕಿಷ್ಟಪ್ಪ ಬೇವಿನ ನೆರಳಿನಿಂದ, "ಕೂಗು, ಕೂಗು, ನನ್ನ ಕಾಲಿಗೂ ಕೇಳಲಿ" ಎಂದ. ಬಿಸಿಲು ಇಳಿಯುವ ಹೊತ್ತಿಗೆ ಹಣಮಯ್ಯ ಮಜ್ಜಿಗೆ ಕುಡಿದು, ಗಾಲಿಯ ನೆರಳಲ್ಲಿ ಒಂದು ನಿದ್ದೆ ತೆಗೆದು, ಮುಖ ತೊಳೆದುಕೊಂಡ. ಬೀರಣ್ಣ ಅವನನ್ನು ರಸ್ತೆಯಲ್ಲಿ ನೆಟ್ಟಗೆ ನಡೆಸಿ ನೋಡಿ, ಮತ್ತೊಮ್ಮೆ ಹಾ ಅನ್ನಿಸಿ, ಹಿಂಡನ್ನು ಎಬ್ಬಿಸಿದ.

ಊರಲ್ಲಿ ಮರೆಮ್ಮ ಹಿಟ್ಟು ಕಲಸುತ್ತಿದ್ದಳು. ಮಧ್ಯಾಹ್ನದ ಉದ್ದನೆಯ ಹಾರ್ನು ಕೇಳಿದಾಗಿನಿಂದ ಅವಳ ಕಿವಿ ಆ ಕಡೆಗೇ ಇತ್ತು. ಈಗ ತಿರುವಿನ ಕಡೆಯಿಂದ ಎರಡು ಸಲ ಚಿಕ್ಕದಾಗಿ ಕೂಗಿತು. ಯಾವನೋ ಹಣಮಯ್ಯ, ಯಾರದೋ ಗಂಡ, ನೆಟ್ಟಗೆ ಮನೆಗೆ ಹೊರಟ. ಅವಳು ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟಳು.