ವಿಭೂತಿ ಪಟ್ಟಿಯ ಮೀನು

ಮನೆಗೆ ನಳ ಬರುವ ಮೊದಲಿನ ದಿನಗಳವು. ಅಣ್ಣಿಗೇರಿ ಕಡೆಯ ನಮ್ಮೂರಲ್ಲಿ ಬಾವಿನೀರು ಸವಳು, ಬಾಯಿಗಿಟ್ಟರೆ ಉಪ್ಪು. ಬಟ್ಟೆ ಒಗೆಯಲಿಕ್ಕಷ್ಟೇ ಸರಿ. ಕುಡಿಯುವ ಸಿಹಿನೀರನ್ನು ಕೆರೆಯಿಂದ ಹೊತ್ತು ತರುತ್ತಿದ್ದೆವು. ಮನೆಗೆ ಬಂದವರಿಗೆ ಮೊದಲು ಒಂದು ಚೆಂಬು ಕೆರೆನೀರು ಕೊಡುವುದೇ ಮರ್ಯಾದೆ.

ನನಗೆ ಒಂಬತ್ತು ವರ್ಷ. ಬೇಸಿಗೆ. ಅಳ್ನಾವರದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಶಿವಪ್ಪ ಮಾವ ಗೋವಾದಿಂದ ಎರಡು ಡಬ್ಬಿ ಸಮುದ್ರದ ನೀರು ತಂದ. ಒಂದರಲ್ಲಿ ಹೆಬ್ಬೆರಳುದ್ದದ ಮೀನು. ಸಮುದ್ರ ಕಾಣದ ನಮಗೆ ತೋರಿಸಿ, ನಾಲ್ಕು ದಿನಕ್ಕೆ ಒಯ್ದು ಬಿಡುತ್ತೇನೆಂದು ಅಲ್ಲಿನ ಮೀನುಗಾರನಿಗೆ ಮಾತು ಕೊಟ್ಟಿದ್ದನಂತೆ.

ಅಜ್ಜಿ ಪೂಜೆ ಬಿಟ್ಟು ಎದ್ದು ಬಂದಳು. "ಮೀನ ತಂದು ಮನ್ಯಾಗ ಇಡ್ತೀ? ಬುದ್ಧಿ ರೈಲಿನ್ಯಾಗ ಬಿಟ್ಟು ಬಂದೀ ಏನಲೇ?"

"ತಿನ್ನಾಕಲ್ಲಬೇ, ನೋಡಾಕ. ಒಮ್ಮೆ ನೋಡರೆ ನೋಡು."

ಉಪ್ಪಿನಕಾಯಿಯ ಗಾಜಿನ ಭರಣಿಗೆ ಅದನ್ನು ಬಿಟ್ಟ. ಕಾವಿ ಬಣ್ಣದ ಮೈ, ಅದಕ್ಕೆ ಬಿಳಿ ಪಟ್ಟಿಗಳು. ಅಜ್ಜಿ ಬಗ್ಗಿ ಎಣಿಸಿದಳು.

"ಮೂರು. ವಿಭೂತಿ ಹಚ್ಕೊಂಡ ಬಂದಾನಲ್ಲೋ ಶರಣ," ಅಂದಳು. "ದೇವರ ಜಗಲಿ ಬಾಜೂಕ ಇಡು. ಒಲಿ ಕಡೆ ಮಾತ್ರ ಒಯ್ಯಬ್ಯಾಡ."

ಮಾವ ಎರಡು ದಿನದ ಕೆಲಸಕ್ಕೆ ಗದಗಿಗೆ ಹೊರಟಾಗ ಎರಡನೇ ಡಬ್ಬಿ ತೋರಿಸಿ, "ಈ ನೀರ ಬಿಟ್ಟು ಬ್ಯಾರೆ ಮುಟ್ಟಸಬ್ಯಾಡ್ರಿ" ಎಂದು ಹೇಳಿಯೇ ಹೋದ.

ಮೂರನೆಯ ದಿನ ನಾನು ಭರಣಿಗೆ ಬೆರಳದ್ದಿ ನೆಕ್ಕಿದೆ. ನಮ್ಮ ಬಾವಿಗಿಂತ ಕಡೆ. ಮನೆಗೆ ಬಂದ ಶರಣನನ್ನು ಇಂಥ ನೀರಲ್ಲಿ ಇಟ್ಟೆವಲ್ಲ ಎಂದು ನಾಚಿಕೆಯಾಯಿತು. ಅರ್ಧ ಭರಣಿ ಚೆಲ್ಲಿ, ಕೆರೆನೀರು ಸುರಿದೆ.

ಸ್ವಲ್ಪ ಹೊತ್ತಿಗೆ ಮೀನು ಒಂದು ಮಗ್ಗುಲಿಗೆ ವಾಲಿತು.

"ಅಜ್ಜೀ, ನಾನ ಕೊಂದೆ."

ಅವಳು ಬೈಯಲಿಲ್ಲ. "ಇನ್ನೂ ಉಸರಾಡ್ತೈತಿ. ಡಬ್ಬಿ ತಾ."

ಉಳಿದ ಸಮುದ್ರದ ನೀರನ್ನು ಪಾತೇಲಿಗೆ ಸುರಿಸಿ, ಜನ್ಮದಲ್ಲಿ ಮೀನು ಮುಟ್ಟದ ಅಜ್ಜಿ ಎರಡೂ ಕೈಯಲ್ಲಿ ಅದನ್ನೆತ್ತಿ ಬಿಟ್ಟಳು. ಬಾಜೂಕೇ ಕುಳಿತೆವು. ರೊಟ್ಟಿ ಆರಿಹೋದವು. ಕೊನೆಗೆ ಅದು ಮೆಲ್ಲಗೆ ನೆಟ್ಟಗಾಯಿತು.

"ಈಗ ಮತ್ತ ಜಳಕಾ ಮಾಡ್ತೀ ಏನಬೇ?"

"ಶರಣನ್ನ ಮುಟ್ಟಿದ್ರ ಜಳಕಾ ಯಾಕ? ನೀ ಉಣ್ಣ ನಡಿ."

ಮರುದಿನ ಮಾವ ಮರಳಿ ಬಂದು ಅದನ್ನು ಜೀವಂತ ಒಯ್ದ. ಮುಂದಿನ ಸಲ ಬಂದಾಗ, "ಕಲ್ಲಿನ ಸಂದ್ಯಾಗ ಬಿಟ್ಟೆ, ಸರ್ರನ ಹೋತು" ಎಂದ. ಅಜ್ಜಿ ಕೈ ಮುಗಿದಳು. ಡಬ್ಬಿಯಲ್ಲಿ ಅಷ್ಟು ನೀರು ಉಳಿಸಿದ್ದ ದೇವರಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

ಈಗ ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮಗಳ ಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇದೆ. ಹವಳದ ಕಲ್ಲು, ಪಂಪು, ತೂಗಿ ಹಾಕುವ ಉಪ್ಪು, ಅದೇ ಜಾತಿಯ ಮೀನಿನ ಜೋಡಿ. ನೀರಿನ ಹದ ಒಂದು ದಿನವೂ ತಪ್ಪುವುದಿಲ್ಲ. ಆ ಹುಡುಗಿ ಜಾಣೆ. ಆದರೆ ಅವನ್ನು ಶರಣರೆಂದು ಕರೆಯಲು ಅಲ್ಲಿ ಅಜ್ಜಿಯಿಲ್ಲ. ಹೋದಾಗಲೊಮ್ಮೆ ನಾನೇ ಬಗ್ಗಿ ಎಣಿಸುತ್ತೇನೆ. ಮೂರು.