ಹಿರೇಮದ್ದಿನ ಚಾ

ಲಗ್ನ ಆಗಿ ಯಲಬುರ್ಗಿಯಿಂದ ಕೊಪ್ಪಳಕ್ಕ ಬಂದಾಗ ನನಗ ಹದಿನೈದು ವರ್ಷ. ನಿಜಾಮರ ಕಾಲ ಅದು. ಹೊರಡೂ ಮುಂದ ನಮ್ಮವ್ವ ಸೀರಿ ಗಂಟಿನಾಗ ಒಂದು ಹಿಡಿ ಒಣಗಿದ ಬೇರು ಇಟ್ಟು, "ನಿಮ್ಮತ್ತಿಗೆ ಮೊಣಕಾಲು ನೋವಂತ, ಕಣ್ಣಿಗೆ ಕಣ್ಣು ಹತ್ತಂಗಿಲ್ಲಂತ. ಇದನ್ನ ಕುದಿಸಿ ಕೊಡು. ಆಕೀನ್ನ ಗೆದ್ದರ ಮನಿ ಗೆದ್ದಂಗ" ಅಂದಿದ್ಲು. ಪಂಡಿತರು ಅದಕ್ಕ ಅಶ್ವಗಂಧ ಅಂತಾರ. ನಮ್ಮ ಕಡೆ ಹಿರೇಮದ್ದು. ಆ ಹೆಸರೇ ನೋಡ್ರಿ, ನನ್ನ ಫಜೀತಿ ಮಾಡಿದ್ದು.

ನಮ್ಮತ್ತಿಗೆ ಕಷಾಯ ಅಂದ್ರ ಮೈಯೆಲ್ಲಾ ಉರಿ. ಆಗಷ್ಟೇ ನಮ್ಮ ಓಣಿಗೆ ಕಾಲಿಟ್ಟಿದ್ದ ಚಾ ಅಂದ್ರ ಜೀವ. ಅದಕ್ಕ ನಾ ಒಂದು ಯುಕ್ತಿ ಮಾಡಿದೆ. ಬೇರು ಜಜ್ಜಿ, ನಾಕು ಲೋಟ ನೀರು ಒಂದು ಲೋಟಕ್ಕ ಇಳಿಯೂತನಕ ಕುದಿಸಿ, ಒಣಶುಂಠಿ, ಬೆಲ್ಲ, ಎಮ್ಮಿ ಹಾಲು ಹಾಕಿ ಸೋಸಿ, "ಅತ್ತೀ, ನಮ್ಮೂರ ಚಾ ಕುಡೀರಿ" ಅಂತ ಕೊಟ್ಟೆ. "ಇದು ಚಾನೋ, ಕುದುರಿ ಮೈ ತೊಳೆದ ನೀರೋ!" ಅಂತ ಬೈದ್ಲು. ಖರೆ, ಲೋಟ ಖಾಲಿ ಮಾಡಿದ್ಲು.

ಮೂರನೇ ದಿನ ಸಂಜಿಮುಂದ ಹಿಟ್ಟಿನ ಸಾಣಗಿ ಕೇಳಾಕ ಬಂದ ಬಾಜೂ ಮನಿ ಅಕ್ಕ ಮೂಗು ಅರಳಿಸಿ, "ಏನ್ ಕುದಿಸಾಕತ್ತೀಯೇ?" ಅಂದ್ಲು. ನಾ ಪೆದ್ದಿ, ಮೆಲ್ಲಕ, "ಅತ್ತಿಗೆ ಹೇಳಬ್ಯಾಡ್ರಿ. ಆಕಿ ಚಾದಾಗ ಮದ್ದು ಹಾಕೀನಿ" ಅಂದೆ. 'ಹಿರೇ' ಅನ್ನೂ ಎರಡಕ್ಷರ ಬಾಯಾಗ ಉಳಿದಿತ್ತು. ಯವ್ವಾ! ನಮ್ಮ ಸೀಮ್ಯಾಗ ಮದ್ದು ಹಾಕೂದು ಅಂದ್ರ ಔಷಧ ಕೊಡೂದಲ್ಲ. ಉಣ್ಣೂದರಾಗ ಏನೋ ಕಲಸಿ ಮನಷ್ಯಾರನ್ನ ಕೈವಶ ಮಾಡ್ಕೊಳ್ಳೂದು, ಇಲ್ಲಾ ಸೊರಗಿಸಿ ಸಾಯಿಸೂದು. ಅಕ್ಕ ಸಾಣಗಿ ಮರತು ಓಡಿದ್ಲು.

ಮರುದಿನ ಹೊತ್ತು ಮಾರುದ್ದ ಏರಿದ್ರೂ ನಮ್ಮತ್ತಿ ಏಳಲಿಲ್ಲ. ಕೋಳಿಗಿಂತ ಮೊದಲು ಏಳೂ ಹೆಂಗಸು! ಅಂಗಳದಾಗ ಓಣಿ ಹೆಂಗಸರೆಲ್ಲಾ ಕೂಡಿದ್ರು. "ಯಲಬುರ್ಗಿ ಹುಡುಗಿ ಅತ್ತಿಗೆ ಮದ್ದು ಹಾಕ್ಯಾಳ! ತವರಿಗೆ ಅಟ್ರಿ ಈಕೀನ್ನ!" ಅಂತ ಬಾಜೂ ಮನಿ ಅಕ್ಕ ರಾಗ ತಗದ್ಲು. ಇನ್ನ ಸೀರಿ ಗಂಟು ಕಟ್ಟೂದೊಂದೇ ಬಾಕಿ ಅಂದ್ಕೊಂಡೆ.

ಆ ಗದ್ದಲಕ್ಕ ನಮ್ಮತ್ತಿ ಎದ್ದು, ಸೆರಗು ಸರಿಮಾಡ್ಕೋತ ಹೊರಗ ಬಂದು, "ಯಾರು ಸತ್ತಾರವಾ?" ಅಂದ್ಲು. ನಾನ ಅಳಕೋತ ಎಲ್ಲಾ ಹೇಳಿದೆ. ಅವ್ವ ಕೊಟ್ಟ ಬೇರು, ಅದರ ಹೆಸರು, ಚಾ ಅಂತ ನಾ ಹೇಳಿದ ಸುಳ್ಳು.

"ಎಷ್ಟು ವರ್ಷದ ಮ್ಯಾಲೆ ಕಣ್ತುಂಬ ನಿದ್ದಿ ಮಾಡಿದ್ದೆ, ಅದನ್ನೂ ಕೆಡಿಸಿದ್ರಿ!" ಅಂತ ನಮ್ಮತ್ತಿ ಓಣಿಯವರನ್ನ ಬೈದು, "ಏ ಹುಡುಗಿ, ಒಲಿ ಹಚ್ಚು. ನನಗೂ ಮದ್ದು ಹಾಕು, ಇವರಿಗೂ ಒಂದೊಂದು ಲೋಟ ಹಾಕು" ಅಂದ್ಲು. ಅಂಗಳ ಖಾಲಿ ಆತು. ನನ್ನ ಹೊಟ್ಟ್ಯಾಗ ಹಾಲು ಹೊಯ್ದಂಗಾತು.

ವರ್ಷದ ಮ್ಯಾಲೆ ತವರಿಗೆ ಹೊಂಟು ನಿಂತೆ. ನಾ ಹದಿನೈದು ದಿನ ಅಂದ್ರ ನಮ್ಮತ್ತಿ ಮೂರು ದಿನಕ್ಕ ಇಳಿಸಿದ್ಲು. ಬಾಜೂ ಮನಿ ಅಕ್ಕ ಕಟ್ಟಿ ಮ್ಯಾಲಿಂದ ನಕ್ಕು, "ಯಾಕ, ಸೊಸಿ ಬಿಟ್ಟು ಇರಾಕ ಆಗಂಗಿಲ್ಲೇನು?" ಅಂದ್ಲು.

"ಹೆಂಗ ಆಗ್ತೈತಿ?" ಅಂದ್ಲು ನಮ್ಮತ್ತಿ. "ಈಕಿ ನನಗ ಮದ್ದು ಹಾಕ್ಯಾಳಲ್ಲ!"